ಸೆಕ್ರೆಟ್ರಣ್ಣನ ಪಾಲಿಸಿ

ಮಾಲೂರು ತಾಲ್ಲೂಕಿನ ಶಿವಾರಪಟ್ಟಣ ಶಿಲ್ಪಿಗಳ ಊರು. ಇಲ್ಲಿ ಕಡೆದ ದೇವರುಗಳು ಲಾರಿ ಹತ್ತಿ ಊರೂರಿಗೆ ಹೋಗುತ್ತವೆ. ಇಂಥ ಊರಲ್ಲೂ ಗಣೇಶನ ಹಬ್ಬಕ್ಕೊಂದು ಸಂಘ, ಸಂಘಕ್ಕೊಬ್ಬ ಕಾಯಂ ಕಾರ್ಯದರ್ಶಿ ಇದ್ದೇ ಇರುತ್ತಾನೆ. ಚುನಾವಣೆ ಬರುತ್ತದೆ, ಹೋಗುತ್ತದೆ; ಸೆಕ್ರೆಟ್ರಣ್ಣ ಸೆಕ್ರೆಟ್ರಣ್ಣನೇ.

ಕಂಕುಳಲ್ಲಿ ರೆಕ್ಸಿನ್ ಬ್ಯಾಗು. ಅದರೊಳಗೆ 1960ರ ಸಂಘಗಳ ನೋಂದಣಿ ಕಾಯ್ದೆಯಡಿ ಪಡೆದ ಸರ್ಟಿಫಿಕೇಟು, ಶಾಮಿಯಾನದ ಹಳೇ ಬಿಲ್ಲು, ಸಂಘದ ವಿಮಾ ಪಾಲಿಸಿ. ಪಾಲಿಸಿಯ ನಾಲ್ಕೂ ಮೂಲೆಗೆ ಅರಿಶಿನ ಕುಂಕುಮ. ಆಯುಧಪೂಜೆಗೆ ತಪ್ಪದೆ ಪೂಜೆಯಾಗುತ್ತದೆ. ಓದಿದವರಿಲ್ಲ.

ಮಹಾಸಭೆಯಲ್ಲಿ ಬಿಕಾಂ ಹುಡುಗನೊಬ್ಬ ಎದ್ದು ನಿಲ್ಲುತ್ತಾನೆ. “ಅಣ್ಣಾ, ಆಂಪ್ಲಿಫೈಯರ್ ಕಳುವಾದ್ರೆ ದುಡ್ಡು ಬರುತ್ತಾ?”

“ಬೆಂಕಿ ವಿಮೆ ಮಾಡ್ಸಿದೀವಲ್ಲಪ್ಪಾ!”

“ಕಳ್ಳ ಪಂಜು ಹಿಡ್ಕೊಂಡು ಬರ್ತಾನಾ? ಕಳವಿಗೆ ಬೇರೆ ಪಾಲಿಸಿ ಬೇಕು.”

ಹುಡುಗ ಅಷ್ಟಕ್ಕೇ ಬಿಡುವುದಿಲ್ಲ. ಸರಾಸರಿ ಷರತ್ತಿರುವ ಪಾಲಿಸಿಯಲ್ಲಿ 10 ಲಕ್ಷದ ಸಾಮಾನಿಗೆ 5 ಲಕ್ಷಕ್ಕಷ್ಟೇ ವಿಮೆ ಮಾಡಿಸಿದ್ದರೆ, 2 ಲಕ್ಷ ನಷ್ಟವಾದಾಗ ಸಿಗುವುದು 1 ಲಕ್ಷ. ಸೆಕ್ರೆಟ್ರಣ್ಣ ಕನ್ನಡಕ ಏರಿಸುತ್ತಾನೆ: “ಸುಟ್ಟಿದ್ದು ವಿಮೆ ಮಾಡ್ಸಿದ ಅರ್ಧವೇ ಅಂತ ಬರ್ಕೊಟ್ರೆ?”

ಹುಡುಗ ಮುಂಬೈ ಉದಾಹರಣೆ ತೆಗೆಯುತ್ತಾನೆ: ಅಲ್ಲಿನ ಕಿಂಗ್ಸ್ ಸರ್ಕಲ್‌ನ ಜಿಎಸ್‌ಬಿ ಸೇವಾ ಮಂಡಲ 2025ರಲ್ಲಿ ತನ್ನ ಗಣೇಶೋತ್ಸವಕ್ಕೆ ಮಾಡಿಸಿದ ವಿಮೆ 474.46 ಕೋಟಿ ರೂಪಾಯಿಯದು. ಅಂಕಿ ಕೇಳಿ ಸಭೆ ಬಾಯಿ ಬಿಡುತ್ತದೆ. ಸೆಕ್ರೆಟ್ರಣ್ಣ ಮಾತ್ರ, “ಮೈತುಂಬ ಬಂಗಾರ ಅಲ್ವಾ, ಅದಕ್ಕೇ” ಎಂದು ತೀರ್ಪು ಕೊಡುತ್ತಾನೆ. ಬಂಗಾರ ಬೆಳ್ಳಿಯ ಪಾಲು 67.03 ಕೋಟಿಯಷ್ಟೇ, 375 ಕೋಟಿ ಇದ್ದದ್ದು ಸ್ವಯಂಸೇವಕರು, ಅಡುಗೆಯವರು, ಪುರೋಹಿತರು, ಚಪ್ಪಲಿ ಕಾಯುವವರ ಅಪಘಾತ ವಿಮೆಗೆ. ಭಕ್ತರಿಗೆ ಪೆಟ್ಟಾದರೆ ಇರಲೆಂದು ಸಾರ್ವಜನಿಕ ಹೊಣೆಗಾರಿಕೆಗೆ ಬೇರೆ 30 ಕೋಟಿ.

ಇಲ್ಲಿನ ಪಾಲಿಸಿಯಲ್ಲಿ ಶೆಡ್ಡಿದೆ, ಕುರ್ಚಿಯಿದೆ, ಹಂಡೆಯಿದೆ. ಕಂಬ ಹತ್ತಿ ಸೀರಿಯಲ್ ಸೆಟ್ ಕಟ್ಟುವ ಹುಡುಗರಿಲ್ಲ.

“ಅವರಿಗೆ ದೇವರಿದ್ದಾನೆ.”

“ಸದ್ಯಕ್ಕೆ ಪ್ರಧಾನಮಂತ್ರಿ ಸುರಕ್ಷಾ ಬಿಮಾನಾದ್ರೂ ಮಾಡ್ಸಣ್ಣಾ. 18ರಿಂದ 70 ವರ್ಷದೋರಿಗೆ ವರ್ಷಕ್ಕೆ 20 ರೂಪಾಯಿ. ಅಪಘಾತದಲ್ಲಿ ಜೀವ ಹೋದ್ರೆ ಮನೆಯೋರಿಗೆ 2 ಲಕ್ಷ.”

ಸೆಕ್ರೆಟ್ರಣ್ಣ ಒಪ್ಪುತ್ತಾನೆ. ಆದರೆ ಕಂತು ಕಡಿತವಾಗುವುದು ಹುಡುಗರ ಬ್ಯಾಂಕ್ ಖಾತೆಯಿಂದ. ಆ ತಲಾ 20 ರೂಪಾಯಿಯನ್ನು ಸಂಘ ತುಂಬಿಕೊಡಬೇಕೋ ಬೇಡವೋ ಎಂದು ನಿರ್ಧರಿಸಲು ಮೂವರ ಉಪಸಮಿತಿ ರಚನೆಯಾಗುತ್ತದೆ. ಅದರ ಮೊದಲ ಸಭೆಯ ಬೋಂಡಾ, ಕಾಫಿ ಬಿಲ್ಲು 340 ರೂಪಾಯಿ. ರೆಕ್ಸಿನ್ ಬ್ಯಾಗಿನಲ್ಲಿ ಭದ್ರವಾಗಿದೆ.