ಹೀರೆಗಿಲ್ಲದ ಹರಾಜು

ನಮ್ಮ ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪಿಗಿರೋ ಮರ್ಯಾದೆ ಹಿತ್ತಲ ಹೀರೆಕಾಯಿಗಿಲ್ಲ. ಹೊಗೆಸೊಪ್ಪಾದರೆ ಬ್ಯಾರನ್‌ನಲ್ಲಿ ಹದವಾಗಿ ಬೇಯಿಸಿ, ಬಣ್ಣ ನೋಡಿ ಗ್ರೇಡು ಮಾಡಿ, ಬೇಲು ಕಟ್ಟಿ, ಕಗ್ಗುಂಡಿಯ ಹರಾಜು ಮಾರುಕಟ್ಟೆಗೆ ಮೆರವಣಿಗೆ. ಹೀರೆಗೆ? ಎಲೆಮರೆಯಲ್ಲಿ ನಾಲ್ಕು ದಿನ ಕಣ್ಣು ತಪ್ಪಿಸಿ ಕೂತರೆ ಮುಗೀತು, ಸಾರಿಗೆ ಬೀಳಬೇಕಾದದ್ದಕ್ಕೆ ಬಚ್ಚಲಲ್ಲಿ ಮೈ ಉಜ್ಜೋ ನೌಕರಿ.

ನುಗ್ಗೆ ಬಿಟ್ಟರೆ ಬೀದಿಗೆಲ್ಲ ಬಿಡುತ್ತೆ. ಪಕ್ಕದ ಮನೆಗೆ ಒಂದು ಕಟ್ಟು ಕೊಟ್ಟರೆ ಅವರ ಮರದ್ದೇ ಇನ್ನೊಂದು ಕಟ್ಟು ನಮ್ಮ ಕೈಗೆ. ಬೇಡ ಅನ್ನೋ ಹಾಗಿಲ್ಲ. ಕಂಬಳಿಹುಳ ಕೊಸರು.

ಅಸಲು ಪರೀಕ್ಷೆ ಮಾಗಿಯ ಅವರೆಕಾಯಿದು. ಸೊನೆ ಮೆತ್ತಿದ ಕಾಯಿ ಬಿಡಿಸಿದ ಬೆರಳು ಸಂಜೆವರೆಗೂ ಘಮ್ಮೆನ್ನುತ್ತೆ, ಸೋಪಿಗೂ ಬಗ್ಗಲ್ಲ. ನೆನೆದ ಕಾಳು ಹಿತುಕೋಕೆ ಮನೆಮಂದಿಯೆಲ್ಲ ಸುತ್ತ ಕೂರಬೇಕು. ಹೆಬ್ಬೆರಳಲ್ಲಿ ಒತ್ತಿದರೆ ಸಿಪ್ಪೆ ಕೈಲಿ, ಬೇಳೆ ಪುಳಕ್ಕನೆ ಮಂಚದ ಕೆಳಗೆ.

“ಟೀವಿ ನೋಡ್ಕೊಂಡೇ ಹಿತುಕ್ರಪ್ಪ, ಕೈಗೇನು ರೋಗ?” ಅಂತ ಅಮ್ಮ. ಆ ಗಳಿಗೆಗೇ ನಮ್ಮ ಭಾವನಿಗೆ ಎಲ್ಲಿಲ್ಲದ ಫೋನು. “ಸಿಗ್ನಲ್ ಸಿಗ್ತಿಲ್ಲ” ಅಂತ ಹಿತ್ತಲಿಗೆ ಹೋದವರು, ಸಾರಿಗೆ ಒಗ್ಗರಣೆ ಬಿದ್ದ ಸದ್ದಿಗೇ ಒಳಗೆ ಬಂದು, “ಮುದ್ದೆ ಆಯ್ತಾ ಅತ್ತೆ?” ಅಂದರು.