ಪರ್ಸೆಂಟೈಲ್ ಮಹಾಶಯರಿಗೊಂದು ಬಹಿರಂಗ ವಿಜ್ಞಾಪನೆ

ದಶಾಂಶಸಪ್ತಕವಿಭೂಷಿತರೂ ಸಕಲಮಾತಾಪಿತೃಹೃದಯಕಂಪನಕಾರಕರೂ ಆದ ಶ್ರೀಮತ್ ಪರ್ಸೆಂಟೈಲ್ ಮಹಾಶಯರ ಸನ್ನಿಧಿಗೆ, ಪುಣೆಯ ಕೋಥರೂಡಿನಿಂದ ನಿವೃತ್ತ ಬ್ಯಾಂಕ್ ಗುಮಾಸ್ತನೊಬ್ಬನ ಸಾಷ್ಟಾಂಗ ನಮಸ್ಕಾರಗಳು. ಇತ್ತ ಕ್ಷೇಮ. ತಮ್ಮ ಕ್ಷೇಮಕ್ಕೆ ಯಾವ ಕಾಲಕ್ಕೂ ಕೊರತೆಯಿಲ್ಲವೆಂಬುದನ್ನು ಬಲ್ಲೆನಾದ್ದರಿಂದ ಅದನ್ನು ವಿಚಾರಿಸುವ ಗೋಜಿಗೆ ಹೋಗಿಲ್ಲ. ಸಾಂಪ್ರತ, ಬರೆಯಲು ಕಾರಣವೇನೆಂದರೆ:

ಸಾಂಗಲಿ ಜಿಲ್ಲೆಯ ಜತ್ತ ತಾಲೂಕಿನ ಹಳ್ಳಿಯೊಂದರಲ್ಲಿ ಹತ್ತನೆಯ ಇಯತ್ತೆಯವರೆಗೆ ಕನ್ನಡದಲ್ಲಿ ಓದಿ, ಅಲ್ಲಿಂದ ಮುಂದೆ ಕಾಲೇಜಿಗಾಗಿ ನನ್ನ ಮನೆಗೆ ಬಂದು ನೆಲಸಿರುವ ನನ್ನ ಸೋದರಳಿಯನು ಎಂಜಿನಿಯರಿಂಗ್ ಪ್ರವೇಶಕ್ಕಾಗಿ ಮಹಾರಾಷ್ಟ್ರದ ಸಿಇಟಿಯನ್ನು ಬರೆದು, ಭೌತಶಾಸ್ತ್ರದಲ್ಲಿ ತಮ್ಮ 89ನೆಯ ಮೆಟ್ಟಿಲನ್ನೂ ರಸಾಯನದಲ್ಲಿ 86ನೆಯ ಮೆಟ್ಟಿಲನ್ನೂ ಮುಟ್ಟಿ, ಗಣಿತದಲ್ಲಿ ಮಾತ್ರ 38.4172906 ಎಂಬ ಸ್ಥಾನದಲ್ಲಿ ಕಾಲು ಜಾರಿ ಕುಳಿತಿದ್ದಾನೆ. ಫಲಿತಾಂಶದ ದಿನ ಮೊಬೈಲಿನ ಪರದೆಯ ಮೇಲೆ ತಾವು ಮೂಡಿದೊಡನೆ ನಮ್ಮ ಸೊಸೈಟಿಯ ಲಿಫ್ಟಿನಲ್ಲಿ, ಹಾಲಿನ ಕೇಂದ್ರದಲ್ಲಿ, ದೇವಸ್ಥಾನದ ಚಪ್ಪಲಿಯ ಸ್ಟ್ಯಾಂಡಿನ ಬಳಿಯಲ್ಲಿ, ಅನ್ಯಥಾ ನನ್ನ ಕಡೆಗೆ ಕಣ್ಣೆತ್ತಿಯೂ ನೋಡದ ಸಜ್ಜನರೆಲ್ಲರೂ 'ಮ್ಯಾಥ್ಸ್ ಕಿತಿ?', ಗಣಿತದಲ್ಲಿ ಎಷ್ಟು, ಎಂದು ಕೇಳತೊಡಗಿದರು. ಹುಡುಗನು ಐವತ್ತು ಲೆಕ್ಕಗಳಲ್ಲಿ ಎಷ್ಟನ್ನು ಸರಿಯಾಗಿ ಮಾಡಿದನೆಂದು ಕೇಳಿದವರು ಈ ಕ್ಷಣದವರೆಗೆ ಒಬ್ಬರೂ ಇಲ್ಲ.

ಇರಲಿ, ಅವರ ದೋಷವೇನು? ತಮ್ಮ ಜನ್ಮವೃತ್ತಾಂತವನ್ನು ಬಲ್ಲವರು ವಿರಳ. 2019ರಲ್ಲಿ ಪರೀಕ್ಷೆಯು ಕಾಗದವನ್ನು ಬಿಟ್ಟು ಕಂಪ್ಯೂಟರನ್ನು ಏರಿ, ಹಲವು ದಿನಗಳ ಹಲವು ಪಾಳಿಗಳಿಗೆ ಹಲವು ಪ್ರಶ್ನಪತ್ರಿಕೆಗಳು ಅನಿವಾರ್ಯವಾದಾಗ, ಒಂದು ಪಾಳಿಯ ಕಷ್ಟವನ್ನು ಇನ್ನೊಂದು ಪಾಳಿಯ ಸುಖದೊಡನೆ ತೂಗಿ ನೋಡುವ ಸಲುವಾಗಿ ತಾವು ಇಲ್ಲಿ ಪಟ್ಟಾಭಿಷಿಕ್ತರಾದಿರಿ. ಒಂದು ಪಾಳಿಯಲ್ಲಿ ಕುಳಿತವರ ಪೈಕಿ ಎಷ್ಟು ಮಂದಿಯ ಅಂಕವು ಈ ಹುಡುಗನ ಅಂಕಕ್ಕೆ ಸಮನಾಗಿಯೋ ಕಡಮೆಯಾಗಿಯೋ ಇದೆಯೆಂದು ಎಣಿಸಿ, ಆ ಎಣಿಕೆಯನ್ನು ನೂರರಿಂದ ಗುಣಿಸಿ, ಪಾಳಿಯ ಒಟ್ಟು ಸಂಖ್ಯೆಯಿಂದ ಭಾಗಿಸಿದರೆ ತಾವು ಅವತರಿಸುತ್ತೀರಿ. ಸಮನಾದವರ ಲೆಕ್ಕದಲ್ಲಿ ಹುಡುಗನು ತಾನೂ ಸೇರುವನಾದ್ದರಿಂದ, ಇಡಿಯ ಪಾಳಿಗೆ ಕಟ್ಟಕಡೆಯವನಾದವನೂ ಕೂಡ, ತನಗಿಂತ ತಾನಂತೂ ಹಿಂದೆ ಬಿದ್ದಿಲ್ಲವೆಂಬ ಪ್ರಮಾಣಪತ್ರವನ್ನು ದಶಾಂಶಸಹಿತವಾಗಿ ಪಡೆದೇ ಮನೆಗೆ ಮರಳುತ್ತಾನೆ. ಇಂತಹ ದಯಾಪರತೆಯನ್ನು ನಾನು ಬೇರಾವ ಸರಕಾರಿ ಸೂತ್ರದಲ್ಲಿಯೂ ಕಂಡಿಲ್ಲ.

ಆದರೆ ದಶಾಂಶದ ಆ ಏಳು ಸ್ಥಾನಗಳ ವಿಷಯದಲ್ಲಿ, ಆಯುಷ್ಯದ ಬಹುಭಾಗವನ್ನು ಪರರ ಹಣವನ್ನು ಪೈಸೆಯವರೆಗೆ, ಎಂದರೆ ಎರಡೇ ಸ್ಥಾನಗಳವರೆಗೆ, ಎಣಿಸುವುದರಲ್ಲಿ ಕಳೆದ ನನಗೆ ಒಂದು ಸಂದೇಹವುಂಟು. ಪಾಳಿಯೊಂದರಲ್ಲಿ ಇಪ್ಪತ್ತು ಸಾವಿರ ಮಂದಿ ಕುಳಿತರೆಂದು ಇಟ್ಟುಕೊಂಡರೆ, ಒಬ್ಬ ಮನುಷ್ಯನ ತೂಕ 0.005 ಆಗುತ್ತದೆ, ಆ ಪಾಳಿಯ ಮಟ್ಟಿಗೆ ಹೇಳುವುದಾದರೆ, ಮೂರನೆಯ ಸ್ಥಾನದಿಂದಾಚೆಗೆ ಮನುಷ್ಯರೇ ಇಲ್ಲ. ಅಲ್ಲಿಂದ ಮುಂದಿನ ಅಂಕಿಗಳು ಬೇರೆ ಬೇರೆ ಗಾತ್ರದ ಪಾಳಿಗಳನ್ನು ಒಂದೇ ಸಾಲಿಗೆ ತಂದು ನಿಲ್ಲಿಸುವಾಗ ಸಮಾಂಕದ ಜಗಳವನ್ನು ತಪ್ಪಿಸುವ ಜಾಣ್ಮೆಯೇ ಹೊರತು ಯಾರೊಬ್ಬನ ಜ್ಞಾನದ ಅಳತೆಯೂ ಅಲ್ಲ. ಹೀಗಿರಲು, ನನ್ನ ಅಳಿಯನ ಕೊನೆಯ ಆ 906ರಲ್ಲಿ ಅಡಗಿರುವ ಅಜ್ಞಾನವು ಯಾವ ಅಧ್ಯಾಯಕ್ಕೆ ಸಂಬಂಧಿಸಿದ್ದೆಂದು ದಯಮಾಡಿ ತಿಳಿಸಿದರೆ ಅದೊಂದನ್ನಾದರೂ ಓದಿಸುತ್ತಿದ್ದೆ.

ಗಣಿತದ ಪತ್ರಿಕೆಗೆ 50 ಪ್ರಶ್ನೆಗಳು, ಪ್ರಶ್ನೆಗೆ 2 ಅಂಕಗಳು, ಒಟ್ಟು 90 ನಿಮಿಷಗಳು. ಭೌತಶಾಸ್ತ್ರವೂ ರಸಾಯನವೂ ಕೂಡಿ ಗಳಿಸುವ ನೂರು ಅಂಕಗಳನ್ನು ಗಣಿತವೊಂದೇ ಗಳಿಸುವುದಾದ್ದರಿಂದ, ಅಲ್ಲಿ ಜಾರಿದವನನ್ನು ಉಳಿದೆರಡು ಶಾಸ್ತ್ರಗಳೂ ಸೇರಿ ಎತ್ತಿ ಹಿಡಿಯಲಾರವು. ತಪ್ಪು ಉತ್ತರಕ್ಕೆ ದಂಡವಿಲ್ಲ. ಈ ಕೊನೆಯ ನಿಯಮದ ಅರ್ಥವ್ಯಾಪ್ತಿಯನ್ನು ತಾವು ಬಲ್ಲಿರಿ: ನಾಲ್ಕು ಪರ್ಯಾಯಗಳಿರುವ ಐವತ್ತು ಪ್ರಶ್ನೆಗಳಿಗೆ ಕಣ್ಣುಮುಚ್ಚಿ ಒಂದೊಂದನ್ನು ಒತ್ತುತ್ತ ಹೋದವನಿಗೂ ಸರಾಸರಿಯಲ್ಲಿ ನೂರಕ್ಕೆ ಇಪ್ಪತ್ತೈದು ಅಂಕಗಳು ಲಭಿಸಬೇಕು. ನನ್ನ ಅಳಿಯನು ಹದಿನೇಳು ಪ್ರಶ್ನೆಗಳನ್ನು ಮುಟ್ಟದೆ ಬಿಟ್ಟು ಬಂದನು. ಗಡಿಯಾರವೇನಾದರೂ ಕೈಕೊಟ್ಟಿತೇ ಎಂದು ಕೇಳಿದರೆ, ಆತನು ನನ್ನನ್ನೇ ಸಂಶಯದಿಂದ ನೋಡಿ, "ಮಾಮಾ, ಬರಲಾರದ್ದಕ್ಕ ಹೆಂಗ ಉತ್ತರ ಹಾಕೂದು? ನಮ್ಮ ಗುರುಗಳು ಬೈತಿದ್ರು" ಎಂದನು. ಹಳ್ಳಿಯ ಆ ಶಾಲೆಯಲ್ಲಿ, ತಿಳಿಯದುದನ್ನು ತಿಳಿದಂತೆ ಬರೆಯುವುದು ಕದ್ದುದಕ್ಕೆ ಸಮಾನವೆಂದು ಯಾವನೋ ಮುಗ್ಧ ಮಾಸ್ತರನು ಬೋಧಿಸಿದ್ದನೆಂದು ತೋರುತ್ತದೆ; ಆ ಬೋಧೆಯ ಬೆಲೆಯನ್ನು ನಾನು ಬ್ಯಾಂಕಿನ ಅಭ್ಯಾಸಬಲದಿಂದ ಕಟ್ಟಿ ನೋಡಿದೆನು, ಸರಾಸರಿಯಲ್ಲಿ ಎಂಟೂವರೆ ಅಂಕ. ಇದೇ ಊರಿನ ಕ್ಲಾಸುಗಳಲ್ಲಿ ಲಕ್ಷಾಂತರ ರೂಪಾಯಿಗಳನ್ನು ಸುರಿದು ಎರಡು ವರ್ಷ ಕುಳಿತ ಮಕ್ಕಳಿಗೆ ಮೊಟ್ಟಮೊದಲು ಕಲಿಸುವ ಪಾಠವೇ ಒಂದು ಪ್ರಶ್ನೆಯನ್ನೂ ಖಾಲಿ ಬಿಡಬಾರದೆಂಬುದಾದ್ದರಿಂದ, ಸತ್ಯವಂತನಾದ ಈ ದಡ್ಡನಿಗೂ ಧೈರ್ಯವಂತನಾದ ಇನ್ನೊಬ್ಬ ದಡ್ಡನಿಗೂ ನಡುವೆ ತಾವು ಸಾವಿರಾರು ಮಂದಿಯನ್ನು ನಿಲ್ಲಿಸಿದ್ದೀರಿ.

ಬಿಟ್ಟು ಬಂದ ಪ್ರಶ್ನೆಗಳಲ್ಲಿ ಒಂದು ಅನುಕಲನದ ಲೆಕ್ಕವಾಗಿತ್ತಂತೆ. ಅದನ್ನು ನೆನಪಿನಲ್ಲಿಟ್ಟುಕೊಂಡು ಬಂದವನು, ಊಟವನ್ನೂ ಮಾಡದೆ, ಗೋಡೆಯ ಕಾಲನಿರ್ಣಯ ಕ್ಯಾಲೆಂಡರಿನಿಂದ ಕಳೆದ ತಿಂಗಳ ಹಾಳೆಯನ್ನು ಹರಿದು, ನಾನು ಏಕಾದಶಿಯಂದು ಬರೆದಿಟ್ಟಿದ್ದ ಹಾಲಿನ ಲೆಕ್ಕದ ಪಕ್ಕದಲ್ಲಿಯೇ ಎರಡು ವಿಧಾನಗಳಿಂದ ಅದನ್ನು ಬಿಡಿಸಿ, ಎರಡೂ ಕಡೆ ಒಂದೇ ಉತ್ತರ ಬಂದುದನ್ನು ಕಂಡು, ಆಮೇಲೆ ತಟ್ಟೆಯ ಮುಂದೆ ಕುಳಿತನು. ಒಂದು ಪ್ರಶ್ನೆಗೆ ಎರಡು ನಿಮಿಷಗಳೂ ಇಲ್ಲದ ತಮ್ಮ ವ್ಯವಸ್ಥೆಯಲ್ಲಿ ಅರ್ಧ ಗಂಟೆಯನ್ನು ಒಂದು ಲೆಕ್ಕಕ್ಕೆ ವ್ಯಯಿಸುವ ಇಂತಹ ದುರ್ವ್ಯಸನಕ್ಕೆ ಸ್ಥಾನವಿರಲಾರದೆಂಬುದನ್ನು ನಾನು ಒಪ್ಪುತ್ತೇನೆ.

ಇನ್ನೊಂದು ಅಲ್ಪ ವಿಷಯ. ಭೌತಶಾಸ್ತ್ರ ರಸಾಯನಗಳು ಇಂಗ್ಲಿಷಿನಲ್ಲಲ್ಲದೆ ಮರಾಠಿ, ಉರ್ದುಗಳಲ್ಲಿಯೂ ದೊರೆಯುತ್ತವೆ. ಗಣಿತವು ಇಂಗ್ಲಿಷಿನಲ್ಲಿ ಮಾತ್ರ. ವರ್ಗಸಮೀಕರಣವನ್ನೂ ಸ್ಪರ್ಶಕವನ್ನೂ ಕನ್ನಡದಲ್ಲಿ ಕಲಿತ ಹುಡುಗನು ಮೊದಲು ಪ್ರಶ್ನೆಯ ವಾಕ್ಯವನ್ನು ಬಿಡಿಸಿ ಆಮೇಲೆ ಪ್ರಶ್ನೆಯನ್ನು ಬಿಡಿಸಬೇಕಾಗುತ್ತದೆ. ಜತ್ತ ತಾಲೂಕಿನ 40 ಹಳ್ಳಿಗಳು ತಮಗೆ ಸೇರಬೇಕೆಂದು, ಸೇರಲಾರವೆಂದು, 2022ರಲ್ಲಿ ಎರಡು ರಾಜ್ಯಗಳ ಮಹನೀಯರು ವಾಗ್ಯುದ್ಧ ನಡೆಸಿದುದು ತಮಗೆ ಗೊತ್ತಿದ್ದೀತು. ಆ ಹಳ್ಳಿಗಳ ಮಕ್ಕಳ ಗಣಿತವು ತಮಗೆ ಸೇರಬೇಕೆಂದು ಉಭಯ ಪಕ್ಷಗಳಲ್ಲಿ ಒಬ್ಬರಾದರೂ ಹಕ್ಕು ಮಂಡಿಸಿದ ವಾರ್ತೆಯನ್ನು ನಾನು ಓದಿಲ್ಲ.

ತಾವು ನೆಲಸಿರುವ ಈ ಪುಣೆಯು ಗಣಿತಕ್ಕೆ ಕೈಮುಗಿದು ಬಂದ ಊರು. ಇಲ್ಲಿಂದ ಕೇಂಬ್ರಿಜ್ಜಿಗೆ ಹೋಗಿ 1899ರಲ್ಲಿ ಅಲ್ಲಿಯ ಗಣಿತಪರೀಕ್ಷೆಯಲ್ಲಿ ಪ್ರಥಮರಾಗಿ ಸೀನಿಯರ್ ರ‍್ಯಾಂಗ್ಲರ್ ಎನಿಸಿದ ಮೊದಲನೆಯ ಭಾರತೀಯ ರಘುನಾಥ ಪುರುಷೋತ್ತಮ ಪರಾಂಜಪೆಯವರನ್ನು ಈ ಊರು ಹೆಸರು ಹಿಡಿದು ಕರೆಯದೆ 'ರ‍್ಯಾಂಗ್ಲರ್' ಎಂದೇ ಕರೆಯಿತು; ಅವರು ಇಂಗ್ಲೆಂಡಿನಿಂದ ಮರಳಿ ಬಂದು ಫರ್ಗ್ಯುಸನ್ ಕಾಲೇಜಿನ ಪ್ರಾಚಾರ್ಯರಾಗಿ ಎರಡು ದಶಕಗಳನ್ನು ಸವೆಸಿದರು. ಆ ಪ್ರಥಮಸ್ಥಾನದಲ್ಲಿ ಅವರೊಬ್ಬರೇ ಇರಲಿಲ್ಲವೆಂಬುದು ತಮ್ಮ ಗಮನಕ್ಕೆ ಅರ್ಹ. ಬರ್ಟ್‌ವಿಸಲ್ ಎಂಬ ಇಂಗ್ಲಿಷ್ ತರುಣನೊಡನೆ ಅವರನ್ನು ಒಂದೇ ಕಂಸದಲ್ಲಿ ಕೂರಿಸಲಾಗಿತ್ತು: ಜಗತ್ತಿನ ಅತ್ಯಂತ ಕಠಿನವೆಂದು ಪ್ರಸಿದ್ಧವಾದ ಗಣಿತಪರೀಕ್ಷೆಯ ಪರೀಕ್ಷಕರಿಗೆ, ದಿನಗಟ್ಟಲೆ ಬರೆಸಿದ ಉತ್ತರಗಳನ್ನು ಎದುರಿಗಿಟ್ಟುಕೊಂಡೂ, ಇಬ್ಬರಲ್ಲಿ ಹೆಚ್ಚಿನವರು ಯಾರೆಂದು ಹೇಳುವುದು ಸಾಧ್ಯವಾಗಲಿಲ್ಲ. ಪಾಪ, ಅವರಿಗೆ ಏಳನೆಯ ದಶಾಂಶದ ಅರಿವಿರಲಿಲ್ಲ. ಹತ್ತು ವರ್ಷಗಳು ಕಳೆಯುವಷ್ಟರಲ್ಲಿ, 1898ರಲ್ಲಿ ಅದೇ ಪಟ್ಟಿಯಲ್ಲಿ ನಾಲ್ಕನೆಯವನಾಗಿದ್ದ ಗಣಿತಜ್ಞ ಹಾರ್ಡಿಯೇ ಮೊದಲಾದವರು, ಈ ಕುದುರೆಯೋಟವು ಗಣಿತವನ್ನೇ ಕೊಲ್ಲುತ್ತಿದೆಯೆಂದು ಹಟ ಹಿಡಿದ ಫಲವಾಗಿ, 1909ರದು ಕೊನೆಯದೆನಿಸಿ ಆ ಅನುಕ್ರಮದ ಪ್ರಕಟನೆಯೇ ನಿಂತುಹೋಯಿತು. ಅಲ್ಲಿ ನಿಂತದ್ದು ಇಲ್ಲಿ ಕೋಟಿ ಭಾಗಗಳಾಗಿ ಚಿಗುರಿದೆ.

ಪರಾಂಜಪೆಯವರ ಆಳ್ವಿಕೆಯಲ್ಲಿಯೇ ಅದೇ ಕಾಲೇಜಿನಲ್ಲಿ ಓದಿ 1918ರಲ್ಲಿ ಬಿ.ಎ. ಆದ ಧಾರವಾಡದ ಬೇಂದ್ರೆಯವರು ಕವಿಯೆಂದು ಲೋಕಪ್ರಸಿದ್ಧರು. ಆದರೆ ಇಳಿವಯಸ್ಸಿನಲ್ಲಿ ಅವರು ಬೆನ್ನುಹತ್ತಿದ್ದು ಸಂಖ್ಯೆಗಳನ್ನು, ಅದರಲ್ಲಿಯೂ 441 ಎಂಬುದನ್ನು. ಆ ಸಂಖ್ಯೆಯ ವಿಷಯವಾಗಿ ಅವರನ್ನು ಪ್ರಶ್ನಿಸಿ ನಾಲ್ಕು ಪರ್ಯಾಯ ಉತ್ತರಗಳನ್ನು ಮುಂದಿಡುವ ಎದೆಗಾರಿಕೆ ಯಾವ ಪ್ರಶ್ನಪತ್ರಿಕಾಕಾರನಿಗೂ ಇರುತ್ತಿರಲಿಲ್ಲ. ಇನ್ನೂ ಹಿಂದಕ್ಕೆ ಹೋದರೆ, ನೃಪತುಂಗನ ಕಾಲದಲ್ಲಿ 'ಗಣಿತಸಾರಸಂಗ್ರಹ'ವನ್ನು ರಚಿಸಿದ ನಮ್ಮ ಮಹಾವೀರಾಚಾರ್ಯರು, ಶೂನ್ಯದಿಂದ ಭಾಗಿಸಿದ ಸಂಖ್ಯೆಯು ಬದಲಾಗದೆ ಉಳಿಯುತ್ತದೆಂದು ಬರೆದುಬಿಟ್ಟಿದ್ದಾರೆ. ತಮ್ಮ ಪರೀಕ್ಷೆಯಲ್ಲಿ ಅದಕ್ಕೆ ಎರಡು ಅಂಕಗಳು ಖೋತಾ.

ತಮ್ಮ ಪಕ್ಷಕ್ಕೂ ಸಾಕ್ಷಿಯುಂಟೆಂಬುದನ್ನು ಮರೆಮಾಚಲಾರೆ. ಮೈಸೂರು ಸರಕಾರದ ವಿದ್ಯಾರ್ಥಿವೇತನವನ್ನು ಪಡೆದು ಇಲ್ಲಿಯ ಕಾಲೇಜ್ ಆಫ್ ಸೈನ್ಸನ್ನು, ಎಂದರೆ ಇಂದಿನ ಸಿಒಇಪಿಯನ್ನು, ಸೇರಿದ ವಿಶ್ವೇಶ್ವರಯ್ಯನವರು 1883ರಲ್ಲಿ ಸಿವಿಲ್ ಎಂಜಿನಿಯರಿಂಗ್ ಪರೀಕ್ಷೆಯಲ್ಲಿ ಪ್ರಥಮರಾಗಿಯೇ ತೇರ್ಗಡೆಯಾದರು. ಪ್ರಥಮಸ್ಥಾನವು ಯಾವಾಗಲೂ ಸುಳ್ಳು ಹೇಳುವುದಿಲ್ಲ. ನೀರಿನ ಮಟ್ಟ ಏರಿದರೆ ತಾವಾಗಿಯೇ ತೆರೆದುಕೊಳ್ಳುವ ಅವರ ಬಾಗಿಲುಗಳನ್ನು 1903ರಲ್ಲಿ ಅಳವಡಿಸಿದ ಖಡಕವಾಸಲಾ ಅಣೆಕಟ್ಟನ್ನು ನೋಡಲು ನನ್ನ ಅಳಿಯನು ಭಾನುವಾರಗಳಂದು ಹೋಗುತ್ತಾನೆ. ಉಳಿದವರು ಅಲ್ಲಿ ಸುಟ್ಟ ಮೆಕ್ಕೆಜೋಳವನ್ನು ತಿನ್ನುತ್ತಿರುವಾಗ, ಈತನು ಭಾರದ ಲೆಕ್ಕವನ್ನು ಕೇಳಿ ನನ್ನ ಜೀವ ತಿನ್ನುತ್ತಾನೆ. ಸಿವಿಲ್ ಓದಬೇಕೆಂಬ ಆತನ ಹುಚ್ಚಿಗೆ ಇದೇ ಮೂಲ.

ಪ್ರವೇಶದ ಸಂಭವವೆಷ್ಟೆಂದು ತಿಳಿಯಲು ಲಕ್ಷ್ಮೀರಸ್ತೆಯ ಸಮೀಪದ ಮಾಳಿಗೆಯೊಂದರಲ್ಲಿ ಕೌನ್ಸೆಲಿಂಗ್ ನಡೆಸುವ ಪಂಡಿತರ ಬಳಿಗೆ ಹೋಗಿದ್ದೆವು. ಹಿಂದೆ ಜಾತಕವನ್ನು ತೋರಿಸಿದಾಗ ಗುರುಬಲದ ವಿಚಾರ ಬರುತ್ತಿತ್ತು. ಇಲ್ಲಿ ಕಳೆದ ಮೂರು ವರ್ಷಗಳ ಕಟಾಫ್ ಬರುತ್ತದೆ, ದಕ್ಷಿಣೆಯು ಮಾತ್ರ ಮುಂಗಡವಾಗಿ ಬರಬೇಕು. ಅವರ ಪರದೆಯ ಮೇಲೆ ಕಾಲೇಜುಗಳು ಹಸಿರು, ಹಳದಿ, ಕೆಂಪುಗಳಾಗಿ ಹೊಳೆದವು. "ಗಣಿತದಲ್ಲಿ ಇಷ್ಟೇ ಆದ್ದರಿಂದ ಕಂಪ್ಯೂಟರಿನ ಆಸೆ ಬಿಡಿ, ನಿರ್ವಾಹವಿಲ್ಲದಿದ್ದರೆ ಸಿವಿಲ್ ಇದ್ದೇ ಇದೆ" ಎಂದು ಪಂಡಿತರು ಸಂತಾಪಸೂಚಕ ಧ್ವನಿಯಲ್ಲಿ ಅಪ್ಪಣೆ ಕೊಡಿಸಿದರು. ಸೇತುವೆ ಕಟ್ಟುವವನಿಗಿಂತ ಕೀಲಿಮಣೆ ಕುಟ್ಟುವವನಿಗೆ ಗಣಿತವು ಹೆಚ್ಚು ಬೇಕೆಂದು ನಿರ್ಣಯಿಸಿದವರು ತಾವೇ ತಾನೆ? ನನ್ನ ಅಳಿಯನಿಗೆ ಮುಖ ಅರಳಿತು. ಆತನು ಆಪ್ಷನ್ ಫಾರ್ಮಿನ ಮೊದಲ ಸಾಲಿನಲ್ಲಿಯೇ ಸಿವಿಲ್ ಎಂದು ತುಂಬುವುದಾಗಿ ಹೇಳಿದಾಗ, ಮೊದಲನೆಯದು ಸಿಕ್ಕರೆ ಮೊದಲನೆಯ ಸುತ್ತಿನಲ್ಲಿಯೇ ಸ್ವೀಕರಿಸಬೇಕಾದೀತು, ಆಮೇಲೆ ಬೆಟರ್‌ಮೆಂಟಿಗೆ ದಾರಿಯಿರದು ಎಂದು ಪಂಡಿತರು ಗಾಬರಿಗೊಂಡರು. ತನಗೆ ಬೇಕಾದುದನ್ನೇ ಮೊದಲು ಕೇಳುವ ಗಿರಾಕಿಯನ್ನು ಅವರು ಈ ಹಂಗಾಮಿನಲ್ಲಿ ಕಂಡಿರಲಿಲ್ಲವೆಂದು ತೋರುತ್ತದೆ.

ಊರಿನಿಂದ ನನ್ನ ತಂಗಿಯು ಫೋನು ಮಾಡಿ, "ಅಣ್ಣಾ, ಸೊನ್ನಿ ಅಂತೂ ಬಂದಿಲ್ಲಲ್ಲಾ?" ಎಂದು ಕೇಳಿದಳು. ನಾನು ಆಕೆಯನ್ನು ಗದರಿಸಲಿದ್ದೆ. ಆದರೆ ನಿಯಮಾವಳಿಯನ್ನು ತೆರೆದು ನೋಡಿದರೆ ಆಕೆಯೇ ನಮ್ಮೆಲ್ಲರಿಗಿಂತ ವಿಷಯಜ್ಞಳು. ಹನ್ನೆರಡನೆಯ ಇಯತ್ತೆಯಲ್ಲಿ ಮೂರು ಶಾಸ್ತ್ರಗಳೂ ಕೂಡಿ ಶೇಕಡಾ 45, ಮೀಸಲು ವರ್ಗಕ್ಕೆ 40. ಸಿಇಟಿಯಲ್ಲಿ ಶೂನ್ಯವಲ್ಲದ ಅಂಕ: ಅರ್ಹತೆಯೆಂದರೆ ಇಷ್ಟೇ. ಅಷ್ಟೇಕೆ, 2021ರ ಮಾರ್ಚಿನಲ್ಲಿ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು ಹೊರಡಿಸಿದ ಕೈಪಿಡಿಯು, ವ್ಯವಹಾರಾಧ್ಯಯನ, ಕೃಷಿ, ಉದ್ಯಮಶೀಲತೆಗಳೂ ಸೇರಿದ ಹದಿನಾಲ್ಕು ವಿಷಯಗಳಲ್ಲಿ ಯಾವ ಮೂರನ್ನು ಓದಿದವನೂ ಎಂಜಿನಿಯರಿಂಗಿಗೆ ಬರಬಹುದೆಂದು ಸಾರಿ, ದೇಶವು ಬೊಬ್ಬೆಯಿಟ್ಟ ಮೇಲೆ ಸಮಜಾಯಿಷಿಯನ್ನೂ ಸಾರಿತ್ತು. ಎಂದ ಮೇಲೆ, ಬಾಗಿಲಲ್ಲಿ ಗಣಿತವು ಬೇಡವೇ ಬೇಡವೆನ್ನುವವರೂ ಅದರ ಕೋಟಿಯ ಒಂದಂಶವನ್ನು ತೂಗುವವರೂ ಒಂದೇ ಮನೆಯಲ್ಲಿ ವಾಸವಾಗಿದ್ದಾರೆಂದಾಯಿತು. ತಾವು ಅವರಲ್ಲಿ ಯಾರ ನೌಕರರು?

ಆದಕಾರಣ ನನ್ನ ಪ್ರಾರ್ಥನೆಯು ಅತ್ಯಲ್ಪವಾದುದು. ಹುಡುಗನು ಬಯಸಿದ ಸಿವಿಲ್ ಶಾಖೆಯ ಸ್ಥಾನವು ಕಳೆದ ವರ್ಷ ಮೂರನೆಯ ಸುತ್ತಿನಲ್ಲಿ ಆತನ ಒಟ್ಟು ಅಂಕಿಗಿಂತ ತುಸು ಮೇಲೆಯೇ ನಿಂತಿತ್ತು. ಈ ವರ್ಷ ತಾವು ಆ ಮೆಟ್ಟಿಲಿನಿಂದ ಕೊಂಚ ಕೆಳಗಿಳಿದು ಬರಬೇಕು. ಸಂಖ್ಯೆಗಳಿಗೆ ಮಂಡಿನೋವು ಇರಲಾರದೆಂದು ನಂಬಿದ್ದೇನೆ.

ಇತಿ ತಮ್ಮ ವಿಧೇಯ,
ಕೋಥರೂಡಿನ ಒಬ್ಬ ಸೋದರಮಾವ

ತಾ.ಕ.: ಈ ಪತ್ರವನ್ನು ಲಕೋಟೆಗೆ ಹಾಕುವ ಹೊತ್ತಿಗೆ ಖಾಸಗಿ ಕಾಲೇಜೊಂದರ ಪ್ರತಿನಿಧಿಯೆಂದು ಹೇಳಿಕೊಂಡ ತರುಣಿಯೊಬ್ಬಳು ಫೋನು ಮಾಡಿದಳು. ಸಂಸ್ಥೆಯ ಪಾಲಿನ ಶೇಕಡಾ 20ರಲ್ಲಿ ಕಂಪ್ಯೂಟರ್ ಸೀಟೇ ಇದೆಯೆಂದಳು. ನಾನು ಅಭ್ಯಾಸಬಲದಿಂದ ತಮ್ಮ ನಾಮಸ್ಮರಣೆಯನ್ನು ಆರಂಭಿಸಿ ದಶಾಂಶದ ಮೂರನೆಯ ಸ್ಥಾನದವರೆಗೆ ಬಂದಿದ್ದೆನಷ್ಟೆ, ಆಕೆ ಮಧ್ಯದಲ್ಲಿಯೇ ತಡೆದು, "ಅದೆಲ್ಲ ಇರಲಿ ಸರ್, ಕೋಥರೂಡಿನ ಫ್ಲ್ಯಾಟು ಸ್ವಂತದ್ದೋ ಬಾಡಿಗೆಯದೋ?" ಎಂದು ಕೇಳಿದಳು.