ಪುಣೆ ಪ್ರತಿನಿಧಿ ಪರ್ವ: ಪಾಠ ಪರಿಷ್ಕರಣಕ್ಕೊಂದು ಪೀಠಿಕೆ

ಪುಣೆಯ ಭಾಂಡಾರಕರ್ ಪ್ರಾಚ್ಯವಿದ್ಯಾ ಸಂಸ್ಥೆಯ ವಿದ್ವಾಂಸರು ಮಹಾಭಾರತದ 1,259 ಹಸ್ತಪ್ರತಿಗಳನ್ನು ಜಾಲಾಡಿ, 1966ರಲ್ಲಿ 19 ಸಂಪುಟಗಳ ಪರಿಷ್ಕೃತ ಆವೃತ್ತಿಯನ್ನು ಮುಗಿಸಿದರು. ವ್ಯಾಸರದೆಷ್ಟು, ಆಮೇಲಿನವರು ತುರುಕಿದ್ದೆಷ್ಟು ಎಂದು ಬೇರ್ಪಡಿಸುವಷ್ಟರಲ್ಲಿ ಸಂಪಾದಕರ ತಲೆಮಾರುಗಳೇ ಉರುಳಿದವು. ಅದೇ ಊರಿಗೆ ವರ್ಷವರ್ಷವೂ ಕಂಪನಿಯ ಖರ್ಚಿನಲ್ಲಿ ಸಮಾವೇಶಕ್ಕೆ ಹೋಗಿಬಂದವರು ಹೇಳುವ ಕಥನಕ್ಕೆ ಮಾತ್ರ ಇಂದಿಗೂ ಒಂದು ಶುದ್ಧಪಾಠವಿಲ್ಲ. ಈ ಲಜ್ಜಾಸ್ಪದ ಕೊರತೆಯನ್ನು ನೀಗಲೆಂದೇ ಪ್ರಸ್ತುತ ಪ್ರಬಂಧ.

ಅಧ್ಯಯನಕ್ಕೆ ಆರಿಸಿಕೊಂಡ ಕೃತಿ, ಬೆಳಗಾವಿ ಉದ್ಯಮಬಾಗದ ಎರಕದ ಕಾರ್ಖಾನೆಯೊಂದರ ವರ್ಕ್ಸ್ ಮ್ಯಾನೇಜರ್ ಸಾಹೇಬರ ಡಿಸೆಂಬರ್ ಪ್ರಯಾಣ. ಕಾರ್ಖಾನೆಯ ಹೆಸರು ಬೇಡ. ಲೇಖಕನ ಸಂಬಳ ಇನ್ನೂ ಅಲ್ಲಿಂದಲೇ ಬರುತ್ತದೆ.

ಮೊದಲಿಗೆ ಪರಂಪರೆಯ ವಿಚಾರ. ಪುಣೆ ಸಮಾವೇಶಗಳ ಇತಿಹಾಸ ಶುರುವಾಗುವುದೇ ಒಂದು ರದ್ದತಿಯಿಂದ. 1885ರ ಡಿಸೆಂಬರಿನಲ್ಲಿ ಕಾಂಗ್ರೆಸ್ಸಿನ ಮೊದಲ ಅಧಿವೇಶನ ನಡೆಯಬೇಕಿದ್ದದ್ದು ಅಲ್ಲೇ. ಕಾಲರಾ ಬಂತು, 72 ಪ್ರತಿನಿಧಿಗಳು ಮುಂಬಯಿಯ ಗೋಕುಲದಾಸ ತೇಜಪಾಲ ಸಂಸ್ಕೃತ ಕಾಲೇಜಿನಲ್ಲಿ ಸೇರಿದರು. ಕೊನೆ ಗಳಿಗೆಯಲ್ಲಿ ಸಭಾಸ್ಥಳ ಬದಲಿಸುವ ಇಂದಿನ ಸಂಘಟಕರು ತಮಗೆ ಇಷ್ಟು ಘನವಾದ ಪೂರ್ವಸೂರಿಗಳಿದ್ದಾರೆಂದು ಅರಿಯರು. 1919ರಲ್ಲಿ ಅಖಿಲ ಭಾರತ ಪ್ರಾಚ್ಯವಿದ್ಯಾ ಸಮ್ಮೇಳನದ ಮೊದಲ ಅಧಿವೇಶನ ಪುಣೆಯಲ್ಲೇ ಕೂಡಿತು. ಅಧ್ಯಕ್ಷರು ಸ್ವತಃ ರಾ. ಗೋ. ಭಾಂಡಾರಕರ್. ಅಂದು ಕಿಟ್ ಬ್ಯಾಗ್ ಹಂಚಲಿಲ್ಲ. ಆದರೂ ಜನ ಬಂದರು ಎಂಬುದು ಇಂದಿನ ಅರ್ಥಶಾಸ್ತ್ರಕ್ಕೆ ಬಿಡಿಸಲಾಗದ ಒಗಟು.

ಇನ್ನು ಹಸ್ತಪ್ರತಿಗಳು. ಎಂ.ಡಿ.ಯವರಿಗೆ ಒಪ್ಪಿಸಿದ ಟೂರ್ ರಿಪೋರ್ಟ್ 'ಕ' ಪ್ರತಿ. ವೋಚರುಗಳನ್ನು ಪಿನ್ನು ಚುಚ್ಚಿ ಸೇರಿಸಿದ ಟಿ.ಎ. ಬಿಲ್ಲು 'ಖ'. ಮನೆಯವರಿಗೆ ಹೇಳಿದ್ದು 'ಗ'. ಇದು ಮೌಖಿಕ ಪರಂಪರೆ, ಪ್ರಶ್ನೆ ಕೇಳಿದಂತೆಲ್ಲ ಪಾಠ ಬದಲಾಗುತ್ತದೆ. ಡ್ರೈವರನದು 'ಘ'.

'ಕ' ಪ್ರತಿ ಹೇಳುತ್ತದೆ: "ಎರಡೂ ದಿನ ಸಕಲ ಗೋಷ್ಠಿಗಳಲ್ಲಿ ಪಾಲ್ಗೊಂಡು, ಮರಳಿನ ಮರುಬಳಕೆ ಹಾಗೂ ಎರಕದ ರಿಜೆಕ್ಷನ್ ತಗ್ಗಿಸುವ ನವೀನ ವಿಧಾನಗಳನ್ನು ಅರಿತುಕೊಳ್ಳಲಾಯಿತು." ಈ ವಾಕ್ಯ ಹಿಂದಿನ ವರ್ಷದ ವರದಿಯಲ್ಲೂ ಇದೆ, ಅದರ ಹಿಂದಿನದರಲ್ಲೂ ಇದೆ, ಅಕ್ಷರಲೋಪವಿಲ್ಲದೆ. ಇಷ್ಟು ನಿಷ್ಠೆಯಿಂದ ಪಾಠವನ್ನು ಕಾಪಾಡಿಕೊಂಡು ಬಂದ ಲಿಪಿಕಾರರು ವೇದಪಾಠಿಗಳನ್ನು ಬಿಟ್ಟರೆ ಬೇರಿಲ್ಲ. ರಿಜೆಕ್ಷನ್ ಕೂಡ ಅಷ್ಟೇ ನಿಷ್ಠೆಯಿಂದ ಇದ್ದಷ್ಟೇ ಇದೆ.

'ಗ' ಪ್ರತಿ: "ಒಂದ್ ನಿಮಿಷ ಪುರಸೊತ್ತ ಇರಲಿಲ್ಲ ನೋಡ. ಊಟ ಸೈತ ನೆಟ್ಟಗ ಆಗಲಿಲ್ಲ." ಆದರೆ 'ಖ' ಪ್ರತಿಯ ಮೂರನೇ ವೋಚರಿನಲ್ಲಿ ಮಟನ್ ಥಾಳಿ, ಹೆಚ್ಚುವರಿ ತಾಂಬಡಾ ರಸ್ಸಾ, ಕೊನೆಗೆ ಮಸ್ತಾನಿ. ಕೊಲ್ಹಾಪುರದ ರಸ್ಸಾವೂ ಪುಣೆಯ ಮಸ್ತಾನಿಯೂ ಒಂದೇ ಬಿಲ್ಲಿನಲ್ಲಿ ಹೇಗೆ ಬಂದವು ಎಂದು ಮಡಿವಂತ ವಿದ್ವಾಂಸರು ಆಕ್ಷೇಪಿಸಬಹುದು. ಪುಣೆಯ ಹೋಟೆಲುಗಳನ್ನು ಬಲ್ಲವರು ಆಕ್ಷೇಪಿಸುವುದಿಲ್ಲ.

ಪುಣೇರಿ ಪಗಡಿಯ ಸಮಸ್ಯೆ ಇನ್ನೂ ಜಟಿಲ. 2009ರಲ್ಲಿ ಭೌಗೋಳಿಕ ಸೂಚಕ ಪಡೆದ ಈ ಶಿರೋಭೂಷಣವನ್ನು ಸಮಾವೇಶಗಳಲ್ಲಿ ಗಣ್ಯರಿಗೆ ತೊಡಿಸಿ ಗೌರವಿಸುವ ವಾಡಿಕೆಯಿದೆ. 'ಕ' ಪ್ರತಿಯ ಅನುಬಂಧದಲ್ಲಿ ಪಗಡಿಧಾರಿ ಸಾಹೇಬರ ಚಿತ್ರವಿದ್ದು, ಕೆಳಗೆ "ಸನ್ಮಾನದ ಕ್ಷಣ" ಎಂದಿದೆ. 'ಘ' ಪ್ರತಿಯ ಪ್ರಕಾರ ಆ ಪಗಡಿ ಕುಲುಮೆ ಮಾರುವ ಕಂಪನಿಯ ಮಳಿಗೆಯೆದುರು ಫೋಟೊಕ್ಕೆಂದೇ ಇಟ್ಟದ್ದು, ಪಾಳಿ ಹಚ್ಚಬೇಕಿತ್ತು.

ಇಲ್ಲಿ ವಿಧಾನದ ಪ್ರಶ್ನೆ ಏಳುತ್ತದೆ. ಯಾವ ಪ್ರತಿಯನ್ನು ನಂಬಬೇಕು? 1925ರಿಂದ ಭಾರತ ಸಂಪಾದನೆಯ ನೊಗ ಹೊತ್ತ ವಿ. ಎಸ್. ಸುಖಠಣಕರ್ ಅವರು ಕಾಶ್ಮೀರದ ಶಾರದಾ ಲಿಪಿಯ ಹ್ರಸ್ವ ಪಾಠಕ್ಕೆ ಹೆಚ್ಚಿನ ಬೆಲೆ ಕೊಟ್ಟರು. ದಕ್ಷಿಣದ ಪಾಠ ಉದ್ದ, ಅಲಂಕೃತ, ಪ್ರಕ್ಷೇಪಗಳಿಂದ ತುಂಬಿದ್ದು. ನಮ್ಮ ಕೃತಿಗೂ ಇದು ಕೂದಲೆಳೆಯಷ್ಟೂ ತಪ್ಪದೆ ಅನ್ವಯಿಸುತ್ತದೆ. ಪುಣೆಯಿಂದ ದಕ್ಷಿಣಕ್ಕೆ ಬಂದಂತೆಲ್ಲ ಕಥೆ ಬೆಳೆದಿದೆ. ಸಾತಾರಾದಲ್ಲಿ ಒಬ್ಬ ಗಿರಾಕಿ ಸಿಕ್ಕಿದ್ದ, ನಿಪ್ಪಾಣಿ ದಾಟುವಷ್ಟರಲ್ಲಿ ಮೂವರಾದರು, ಎಂ.ಡಿ.ಯವರ ಕೋಣೆಯಲ್ಲಿ ಅವರು ಜರ್ಮನಿಯ ನಿಯೋಗವೇ ಆದರು. ಶಾರದಾ ಪಾಠದ ಸ್ಥಾನ ನಿಸ್ಸಂಶಯವಾಗಿ ಡ್ರೈವರನಿಗೇ ಸಲ್ಲಬೇಕು. ಅವನ ಪ್ರತಿಯ ಪೂರ್ಣ ಪಾಠ ಹೀಗಿದೆ: "ಹೋದ್ವಿರಿ, ಉಂಡ್ವಿ, ಬಂದ್ವಿ."

ಹಸ್ತಪ್ರತಿಗಳು ಸುಳ್ಳಾಡಬಹುದು, ಶಾಸನ ಆಡುವುದಿಲ್ಲ. 2021ರ ಫೆಬ್ರುವರಿಯಲ್ಲಿ ಫಾಸ್ಟ್ಯಾಗ್ ಕಡ್ಡಾಯವಾದ ಮೇಲೆ ನಮ್ಮ ಶಾಸ್ತ್ರಕ್ಕೆ ಹೊಸ ಯುಗ ಬಂತು. ಅದಕ್ಕೂ ಮುಂಚೆ ಟೋಲಿನ ಚೀಟಿ ಯಾರ ಕಾರಿನದಾದರೂ ನಡೆಯುತ್ತಿತ್ತು. ಆ ಕಾಲದ ಟಿ.ಎ. ಸಾಹಿತ್ಯವನ್ನು ಜಾನಪದದ ಅಡಿ ಓದುವುದೇ ಸರಿ. ಈಗ ಹತ್ತರಗಿ, ಕೊಗನೊಳ್ಳಿ, ಕಿಣಿ, ತಾಸವಡೆ, ಆಣೇವಾಡಿ, ಖೇಡ್ ಶಿವಾಪುರ ಎಂಬ ಆರು ಶಾಸನಗಳು ಸುಮಾರು 340 ಕಿ.ಮೀ. ಉದ್ದಕ್ಕೂ ಗಳಿಗೆ ತಪ್ಪದಂತೆ ಸಾಕ್ಷಿ ನುಡಿಯುತ್ತವೆ. ಹೋಗುವಾಗ ಡಿಕ್ಕಿಯಲ್ಲಿದ್ದ ಬೆಳಗಾವಿ ಕುಂದಾ, ಬರುವಾಗಿನ ಚಿತಳೆ ಬಾಕರವಡಿ, ಎರಡೂ 'ಖ' ಪ್ರತಿಯಲ್ಲಿ "ಸ್ಯಾಂಪಲ್" ಎಂಬ ಒಂದೇ ಶೀರ್ಷಿಕೆಯಡಿ ಬಂದಿವೆ. ಅದರ ಗೊಡವೆಗೆ ಹೋಗುವಷ್ಟು ಲೇಖಕ ಸಣ್ಣವನಲ್ಲ. ಅರ್ಧ ಕಿಲೋ ಅವನ ಟೇಬಲ್ಲಿಗೂ ಬಂದಿತ್ತು.

ನಿಜವಾದ ತೊಡಕು ಎರಡನೇ ದಿನದ ಗ್ರಂಥಪಾತ. ಮೋಶಿಯಲ್ಲಿ ಸಮಾರೋಪ ಮುಗಿದದ್ದು ಸಂಜೆ ನಾಲ್ಕಕ್ಕೆ. ಖೇಡ್ ಶಿವಾಪುರದ ಶಾಸನ ರಾತ್ರಿ ಹನ್ನೊಂದು ದಾಟಿದ್ದು. ನಡುವಿನ ಏಳು ಗಂಟೆಗಳಲ್ಲಿ ಎಲ್ಲ ಪ್ರತಿಗಳೂ ಮೌನ. ಎರಡು ಗಂಟೆಯನ್ನು ನಾಸಿಕ್ ರಸ್ತೆಯ ಟ್ರಾಫಿಕ್ಕಿಗೆ ಬಿಡೋಣ, ಆ ರಸ್ತೆ ಕಂಡವರು ಇನ್ನೂ ಒಂದು ಕೊಡಿ ಎನ್ನುತ್ತಾರೆ. ಉಳಿದದ್ದಕ್ಕೆ 'ಖ' ಪ್ರತಿಯ ಅಡಿಯಲ್ಲಿ ಮುದುಡಿದ ಒಂದು ಚೀಟಿಯಷ್ಟೇ ಆಧಾರ: ಮುಕುಂದನಗರದ ಪಾರ್ಕಿಂಗ್ ರಸೀತಿ. ಎದುರಿಗೆ "ಗ್ರಾಹಕರ ಭೇಟಿ" ಎಂಬ ಟಿಪ್ಪಣಿ.

ಮುಕುಂದನಗರದಲ್ಲಿ ಫೌಂಡ್ರಿಯಿಲ್ಲ. ಡಿಸೆಂಬರಿನಲ್ಲಿ ಅಲ್ಲಿರುವುದು ಸವಾಯಿ ಗಂಧರ್ವ ಮಹೋತ್ಸವ. ಕುಂದಗೋಳದ ಸವಾಯಿ ಗಂಧರ್ವರು 1952ರಲ್ಲಿ ತೀರಿಕೊಂಡ ಮೇಲೆ, ಗುರುವಿನ ನೆನಪಿಗೆಂದು ಗದಗಿನ ಭೀಮಸೇನ ಜೋಶಿ 1953ರಲ್ಲಿ ಪುಣೆಯಲ್ಲಿ ಆರಂಭಿಸಿದ ಉತ್ಸವ. ಎರಕ, ಪಂಪು, ಕೃಷಿ ಯಂತ್ರ, ಯಾವುದರ ಸಮಾವೇಶವಾದರೂ ನಮ್ಮ ಕಡೆಯವರಿಗೆ ಡಿಸೆಂಬರಿನದೇ ಯಾಕೆ ಅತ್ಯಗತ್ಯವೆನಿಸುತ್ತದೆ ಎಂಬ ಬಹುಕಾಲದ ಪ್ರಶ್ನೆಗೆ ಇಲ್ಲೊಂದು ಸುಳಿವಿದೆ. ಸಿದ್ಧಾಂತವೆಂದು ಘೋಷಿಸಲು ಲೇಖಕನಿಗೆ ಧೈರ್ಯವಿಲ್ಲ, ಇನ್‌ಕ್ರಿಮೆಂಟ್ ಏಪ್ರಿಲಿನಲ್ಲಿದೆ.

ಕಡೆಯದಾಗಿ ಅಂಚಿನ ಬರಹಗಳು. ಆ ವೋಚರಿನ ಅಂಚಿನಲ್ಲಿ ಅಕೌಂಟ್ಸಿನವರು ಕೆಂಪು ಶಾಯಿಯಲ್ಲಿ ಬರೆದಿದ್ದಾರೆ: "ಭೇಟಿಯಾದ ಗ್ರಾಹಕರ ಹೆಸರು, ವಿಳಾಸ ನಮೂದಿಸುವುದು." ಅದರ ಕೆಳಗೆ ಅದೇ ಕೈಬರಹ, ಪೆನ್ಸಿಲ್ಲಿನಲ್ಲಿ, ಅಳಿಸಲು ಅನುಕೂಲವಾಗುವಂತೆ ಹಗುರಾಗಿ: "ಪಾಸ್ ಮಾಡೀನ್ರಿ. ಮುಂದಿನ ವರ್ಷ ಕಾರಿನ್ಯಾಗ ಒಂದ್ ಸೀಟ ಖಾಲಿ ಇಡ್ರಿ."